ಎಲೆಯ ತುದಿ ಎಡಕ್ಕೆ

ಐರೋಲಿ
16 ನವೆಂಬರ್ 2024

ಪೂನಂ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಹೊಡೆದದ್ದು ಕಾಣಬಾರದೆಂದು ಬೇರೆ ಹಾಳೆ ತೆಗೆದುಕೊಂಡೆ. ನೀನು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಿನ್ನ ಕ್ಷೇಮದ ಫೋಟೋಗಳು ದಿನಕ್ಕೆರಡು ಸಲ ನನ್ನ ಫೋನಿಗೆ ಬರುತ್ತವೆ.

ನಿನ್ನ ಮೇಲ್‌ಗೆ ಮೇಲ್‌ನಲ್ಲೇ ಉತ್ತರಿಸಬಹುದಿತ್ತು. ಆದರೆ ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಮೇಲ್ ಬರೆದು ನಾವಿಬ್ಬರೂ ಏನನ್ನೂ ಹೇಳದೆ ಎಲ್ಲ ಹೇಳಿದಂತೆ ತೋರಿಸುವುದನ್ನು ಕಲಿತಿದ್ದೇವೆ. ಆ ಭಾಷೆಗೆ ಕುಳಿತರೆ ನನ್ನ ಬೆರಳುಗಳು ತಾವಾಗಿಯೇ ಥ್ಯಾಂಕ್ಸ್ ಎಂದು ಶುರುಮಾಡುತ್ತವೆ. ಕನ್ನಡ ನನಗೆ ಶಾಲೆಯಿಂದ ಬಂದದ್ದಲ್ಲ. ಕಿಟ್ಟಣ್ಣ ಮಾವ ಡೊಂಬಿವಲಿಯ ಹೋಟೆಲಿನಲ್ಲಿ ಗಲ್ಲಾದ ಪಕ್ಕ ನನ್ನನ್ನು ಕೂರಿಸಿಕೊಂಡು ಬಿಲ್ ಪುಸ್ತಕದ ಬೆನ್ನ ಮೇಲೆ ತಿದ್ದಿಸಿದ್ದು. ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾ, ಇನ್ನೊಂದರಲ್ಲಿ ಇಂಗ್ಲಿಷ್ ಪೇಪರಿನ ಪದಬಂಧ ತುಂಬುತ್ತಾ, ನಡುವೆ ನನ್ನ ‘ಳ’ ಸರಿಮಾಡುತ್ತಿದ್ದರು. ಆಗ ನೀನೂ ಎದುರಿನ ಕುರ್ಚಿಯಲ್ಲಿ ಕೂತು ಪುಕ್ಕಟೆ ಶಿರಾ ತಿನ್ನುತ್ತಿದ್ದೆ. ಈ ಕಾಗದ ಓದಲು ಕಷ್ಟವಾದರೆ ನಿನ್ನ ಅಮ್ಮನಿಂದ ಓದಿಸಿಕೋ. ಈರವ್ವ ಆಂಟಿಗೂ ವಿಷಯ ತಿಳಿದಿರಲಿ.

ನಿನ್ನ ಬೇಡಿಕೆಗಳನ್ನು ಎರಡು ಸಲ ಓದಿದೆ. ನಿಮ್ಮ ಪ್ರವಾಸಿ ಮ್ಯಾಗಜಿನ್‌ಗೆ ಇಪ್ಪತ್ತೈದು ವರ್ಷ ತುಂಬಿತು. ಡಿಸೆಂಬರಿನಲ್ಲಿ ಸೀವುಡ್ಸ್‌ನ ಮಾಲ್‌ನಲ್ಲಿ ಮುಖಪುಟಗಳ ಪ್ರದರ್ಶನ. ಎಸ್ಕಲೇಟರ್ ಎದುರಿಗೆ ಎಂಟು ಅಡಿ ಎತ್ತರದಲ್ಲಿ, ಹಿಂದೊಮ್ಮೆ ನಿಮ್ಮ ಮುಖಪುಟವಾಗಿದ್ದ ಮಾವನ ಚಿತ್ರ. ಹಳೆಯ ಒಪ್ಪಿಗೆಪತ್ರ ಒಂದು ಸಂಚಿಕೆಗೆ ಮಾತ್ರ ಸಲ್ಲುವುದರಿಂದ ಹೊಸದಕ್ಕೆ ಮಾವನ ಸಹಿ ಬೇಕು. ಉದ್ಘಾಟನೆಗೆ ಅವರೇ ಬಂದು ದೀಪ ಹಚ್ಚಬೇಕು. ಜೊತೆಗೆ ‘ಅಂದು ಇಂದು’ ಎಂದು ತೋರಿಸಲು ಅದೇ ಪಂಚೆಯಲ್ಲಿ, ಅದೇ ಬಾಳೆಲೆಯ ಮುಂದೆ ಇನ್ನೊಂದು ಫೋಟೋ ಆಗಬೇಕು. ತಯಾರಿಗೆ ನಾನೇ ಆಗಬೇಕಂತೆ, ನನ್ನಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡುವವರು ಯಾರೂ ಇಲ್ಲವಂತೆ.

ಅದು ನಿಜ. ನಿಮ್ಮಲ್ಲಿ ಉಳಿದವರಿಗೆ ತಯಾರಿ ಎಂದರೆ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುವುದು.

ಮೊನ್ನೆ ನಿಮ್ಮ ಫೋಟೋಗ್ರಾಫರ್ ಮಯೂರ್‌ನ ಭಾಷಣದ ವಿಡಿಯೋ ನೋಡಿದೆ. ಯಾವುದೋ ಕಾಲೇಜಿನಲ್ಲಿ ಕಪ್ಪು ಅಂಗಿ ತೊಟ್ಟು, ಮಾವನ ಚಿತ್ರವನ್ನು ಹಿಂದಿನ ಪರದೆಯ ಮೇಲೆ ಹಾಕಿಕೊಂಡು ಹೇಳುತ್ತಿದ್ದ: ಫೋಟೋಗ್ರಾಫರ್ ಏನನ್ನೂ ಮಾಡುವುದಿಲ್ಲ, ಕಾಯುತ್ತಾನೆ ಅಷ್ಟೆ, ಕ್ಷಣ ತಾನಾಗಿ ಬರುತ್ತದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಕೊನೆಯಲ್ಲಿ ಒಬ್ಬಳು, ಆ ಹಿರಿಯರು ನಿಮಗೆ ಹೇಗೆ ಸಿಕ್ಕರು ಎಂದು ಕೇಳಿದಳು. ‘ಡೊಂಬಿವಲಿಯಲ್ಲಿ ದಾರಿ ತಪ್ಪಿದ್ದೆ, ಒಂದು ಬಾಗಿಲು ತೆರೆದಿತ್ತು’ ಎಂದ. ಡೊಂಬಿವಲಿಯಲ್ಲಿ ದಾರಿ ತಪ್ಪಿದವನಿಗೆ ಸಿಗುವುದು ರಿಕ್ಷಾ ಸ್ಟ್ಯಾಂಡಿನ ಸಾಲು, ಬಾಗಿಲಲ್ಲ.

ಆ ಕ್ಷಣ ಹೇಗೆ ಬಂತೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನೀನೂ ಈಗ ಅವನ ಕಥೆಯನ್ನೇ ಪ್ರದರ್ಶನದ ಕೈಪಿಡಿಯಲ್ಲಿ ಅಚ್ಚು ಹಾಕಿಸುತ್ತಿದ್ದೀಯ.

2018ರ ಡಿಸೆಂಬರಿನಲ್ಲಿ ನಾಲ್ಕು ಬೆಳಗು ನಾನು ಐರೋಲಿಯಿಂದ ಠಾಣೆಗೆ, ಅಲ್ಲಿಂದ ಡೊಂಬಿವಲಿಗೆ ರೈಲಿನಲ್ಲಿ ಹೋದೆ. ಎದುರಿನ ಎರಡು ಬಿಲ್ಡಿಂಗ್‌ಗಳ ಸಂದಿನಿಂದ ಬಿಸಿಲು ಏಳು ಐವತ್ತಕ್ಕೆ ಮಾವನ ಹೋಟೆಲಿನ ಮೂರನೆಯ ಮೇಜಿಗೆ ಬೀಳುತ್ತದೆ, ಎಂಟು ಹನ್ನೆರಡಕ್ಕೆ ಹೊರಟುಹೋಗುತ್ತದೆ. ಇಪ್ಪತ್ತೆರಡು ನಿಮಿಷ. ಅದನ್ನು ಗಡಿಯಾರ ಹಿಡಿದು ಬರೆದುಕೊಂಡವಳು ನಾನು. ಆ ಇಪ್ಪತ್ತೆರಡು ನಿಮಿಷಕ್ಕೆ ಯಾವ ಚಿತ್ರ ಮೊದಲು, ಯಾವುದು ನಂತರ ಎಂದು ಪಟ್ಟಿ ಮಾಡಿದವಳೂ ನಾನೇ. ಟ್ಯೂಬ್‌ಲೈಟ್ ಬಿಚ್ಚಿಸಿದೆ. ಪಾವ್ ಭಾಜಿ ಮತ್ತು ಚೈನೀಸ್ ಎಂದು ಬರೆದ ಬೋರ್ಡು, ಬ್ಯಾಂಕಿನ ಕ್ಯಾಲೆಂಡರ್, ಗೋಡೆ ಗಡಿಯಾರ, ಸಾಸ್ ಬಾಟಲಿ, ಎಲ್ಲವನ್ನೂ ಗೋದಾಮಿಗೆ ಸಾಗಿಸಿದೆ. ಸನ್ಮೈಕಾ ಮೇಜಿನ ಬದಲು ಕಾಮೋಠೆಯ ಪರಿಚಿತರಿಂದ ಹಳೆಯ ಮರದ ಮೇಜು ತರಿಸಿದೆ. ಕಲ್ಯಾಣದ ಮಾರ್ಕೆಟ್ಟಿನಿಂದ ಹರಿಯದ ಕುಡಿಬಾಳೆ ಎಲೆಗಳನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ತಂದೆ. ಅನ್ನದ ಮೇಲೆ ಏಳುವ ಹಬೆ ಅನ್ನದ್ದಲ್ಲ. ಅದರ ಹಿಂದೆ ಬಿಸಿನೀರಿನಲ್ಲಿ ಅದ್ದಿ ಇಟ್ಟ ಹತ್ತಿಯುಂಡೆಯದ್ದು. ಇಷ್ಟೆಲ್ಲ ಆದ ಮೇಲೆ ಮಯೂರ್ ಬಂದು ಕಾದ.

ಆ ಹೋಟೆಲಿನಲ್ಲಿ ದಿನಕ್ಕೆ ಮುನ್ನೂರು ಜನ ಸ್ಟೀಲ್ ತಟ್ಟೆಯಲ್ಲಿ ತಿಂದು ಎದ್ದು ಹೋಗುತ್ತಾರೆ. ನಿಮಗೆ ಅದು ಬೇಡವಾಗಿತ್ತು. ‘ನಿಜವಾದ ಉಡುಪಿ’ ಬೇಕಾಗಿತ್ತು. ನಿಜವಾದ ಉಡುಪಿಯನ್ನು ತೋರಿಸಲು ಉಡುಪಿಯವರ ಹೋಟೆಲಿನಿಂದ ಅವರ ಸಾಮಾನುಗಳನ್ನೆಲ್ಲ ಹೊರಗೆ ಹಾಕಬೇಕಾಯಿತು. ಚಂದ್ರಾಮನನ್ನೂ ಹಾಕಿದೆವು, ನೆನಪಿದೆಯಾ? ಹನ್ನೊಂದು ವರ್ಷದಿಂದ ಆ ಕಾವಲಿಯ ಮುಂದೆ ನಿಂತವನು. ಅಫ್ಜಲಪುರದ ಕಡೆಯವನು ಉಡುಪಿಯ ದೋಸೆ ಹಾಕುವುದು ನಿಮ್ಮ ಕಥೆಗೆ ಹೊಂದಲಿಲ್ಲ. ಅವನ ಕೈಗೆ ಥರ್ಮಾಕೋಲ್ ಹಾಳೆ ಕೊಟ್ಟು ಬೆಳಕು ಹಿಡಿದುಕೊಂಡು ನಿಲ್ಲಲು ಹೇಳಿದಿರಿ. ‘ಅಕ್ಕಾರ, ನಾ ಇದನ್ನ ಹಿಡ್ಕೊಂಡ ನಿಂತ್ರ ಅಲ್ಲಿ ದ್ವಾಸಿ ಯಾರ ಹೊಳ್ಳಸ್ತಾರ?’ ಎಂದು ಕೇಳಿದ. ಮಯೂರ್ ನಕ್ಕ. ಅವನಿಗೆ ಏನೂ ಅರ್ಥವಾಗಿರಲಿಲ್ಲ.

ಮಾವ ಎಂದಿನಂತೆ ಕಂದು ಪ್ಯಾಂಟು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಯೂರ್ ನನ್ನ ಮುಖ ನೋಡಿದ, ನೀನೂ ನೋಡಿದೆ. ನಾನು ಹೋಗಿ, ಒಂದು ಹತ್ತು ನಿಮಿಷ ಅಂಗಿ ತೆಗೆಯುತ್ತೀರಾ ಎಂದು ಕೇಳಿದೆ. ‘ಎಂತಕ್ಕೆ, ಡಾಕ್ಟ್ರು ಬಂದಿದ್ದಾರಾ?’ ಎಂದರು. ಪಂಚೆ ಉಟ್ಟು, ಬರಿಮೈಯಲ್ಲಿ ಊಟಕ್ಕೆ ಕೂತಂತೆ ಬೇಕು ಎಂದೆ. ಅವರು ಪಂಚೆಗಿಂತ ಹೆಚ್ಚು ಯೋಚಿಸಿದ್ದು ಕುರ್ಚಿಯ ಬಗ್ಗೆ. ಮೂವತ್ತೆಂಟು ವರ್ಷದಲ್ಲಿ ಮಾವ ಒಮ್ಮೆಯೂ ಗಿರಾಕಿಯ ಕುರ್ಚಿಯಲ್ಲಿ ಕೂತು ತಿಂದವರಲ್ಲ. ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಿದ್ದರು. ‘ನಾನು ಅಲ್ಲಿ ಕೂತ್ರೆ ಬಂದವ ಎಲ್ಲಿ ಕೂರ್ಬೇಕು?’ ಎನ್ನುವುದು ಅವರ ಲೆಕ್ಕ. ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿ ನೋಡಿದರು. ‘ಇದು ನಿನ್ನ ಕೆಲಸವಾ?’ ಎಂದು ಕೇಳಿದರು. ಹೌದೆಂದೆ. ‘ಹಾಗಾದ್ರೆ ಆಯ್ತು’ ಎಂದು ಒಳಗೆ ಹೋಗಿ ಅಂಗಿ ತೆಗೆದು ಬಂದರು.

ಇನ್ನು ಎಲೆ. ನಿಮ್ಮ ಮನೆಯಲ್ಲಿ ಜನಿವಾರವಿಲ್ಲ, ಆದ್ದರಿಂದ ಒಂದು ಸಲ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಊಟಕ್ಕೆ ಕೂತವನ ಎಡಕ್ಕೆ ಎಲೆಯ ತುದಿ ಬರಬೇಕು. ಜನಿವಾರ ಎಡ ಹೆಗಲಿನಿಂದ ಇಳಿಯಬೇಕು. ಊಟಕ್ಕೆ ಮೊದಲು ಬಲಗೈಯಲ್ಲಿ ಎಲೆಯ ಸುತ್ತ ನೀರು ಸುತ್ತಬೇಕು. ತುದಿ ಬಲಕ್ಕೆ, ಜನಿವಾರ ಬಲ ಹೆಗಲಿಗೆ ಬರುವುದು ಸತ್ತವರ ಕೆಲಸದಲ್ಲಿ, ತಿಥಿಯಲ್ಲಿ. ಇದಕ್ಕೆ ವೇದ ಓದಿರಬೇಕಾಗಿಲ್ಲ. ಐದು ವರ್ಷದ ಮಗುವೂ ಬಡಿಸಿದ ಎಲೆ ನೋಡಿ ಹೇಳುತ್ತದೆ.

ಆ ದಿನ ಎಲೆಯ ತುದಿ ನಿಮ್ಮ ಮುಖಪುಟದ ಬರಹ ಬರಬೇಕಾದ ಕಡೆಗೇ ಚಾಚಿಕೊಂಡಿತ್ತು. ಮಯೂರ್ ಎಲೆಯನ್ನು ತಿರುಗಿಸಿ ಇಟ್ಟ. ಮಾವ ಅದನ್ನು ಸರಿಮಾಡಿದರು. ಅವನು ಕ್ಯಾಮರಾದೊಳಗೆ ನೋಡಿ, ಬಂದು ಮತ್ತೆ ತಿರುಗಿಸಿದ. ಮಾವ ಮತ್ತೆ ಸರಿಮಾಡಿದರು. ಮೂರನೆಯ ಸಲ, ಅವನ ಕೈ ಎಲೆಯ ಮೇಲಿರುವಾಗಲೇ, ಮಾವ ತಮ್ಮ ಕೈಯನ್ನು ಅದರ ಮೇಲಿಟ್ಟು ಮೆತ್ತಗೆ ‘ಬೇಡ ಮಾರಾಯಾ’ ಎಂದರು. ನಿಮ್ಮ ಹೆಸರಾಂತ ಚಿತ್ರ ಅದರ ನಂತರದ್ದು. ಎಲೆ ಸರಿಯಿತ್ತು, ಜನಿವಾರ ಸರಿಯಿತ್ತು, ಬಲಗೈಯಿಂದ ಇಳಿಯುವ ನೀರಿನ ಮೇಲೆ ಬಿಸಿಲಿತ್ತು. ಒಂದು ಮಾತು ಒಪ್ಪುತ್ತೇನೆ: ಚೆನ್ನಾಗಿತ್ತು.

ಜನವರಿಯಲ್ಲಿ ಸಂಚಿಕೆ ಬಂತು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದ್ದಿರಿ. ಗಡಿಯಾರ, ಬೋರ್ಡು, ಕ್ಯಾಲೆಂಡರ್, ಅಕ್ಷರ ಅಂಕಿ ಇದ್ದ ವಸ್ತುಗಳನ್ನೆಲ್ಲ ನಾನು ಮೊದಲೇ ತೆಗೆಸಿದ್ದೆನಲ್ಲ, ಹಾಗಾಗಿ ತಿರುಗಿಸಿದ್ದು ಎಲ್ಲಿಯೂ ಗೊತ್ತಾಗುವಂತಿರಲಿಲ್ಲ. ನಮ್ಮವರಿಗೆ ಬಿಟ್ಟು. ಡಿಸೈನರ್ ಹುಡುಗ ಯಾರ ಮಾತು ಕೇಳಿ ಹಾಗೆ ಮಾಡಿದನೆಂಬುದು ಈಗ ಮುಖ್ಯವಲ್ಲ. ದೇಶದ ಎಲ್ಲ ಏರ್‌ಪೋರ್ಟುಗಳಲ್ಲಿ ಕಿಟ್ಟಣ್ಣ ಮಾವ ಬಲ ಹೆಗಲ ಮೇಲೆ ಜನಿವಾರ ಹಾಕಿಕೊಂಡು, ತಿರುಗಿಸಿಟ್ಟ ಎಲೆಯ ಮುಂದೆ, ಎಡಗೈಯಲ್ಲಿ ನೀರು ಬಿಡುತ್ತಾ ಒಂದು ತಿಂಗಳು ಕೂತಿದ್ದರು. ಮೇಲೆ ಇಂಗ್ಲಿಷಿನಲ್ಲಿ ‘ಬದುಕಿನ ರುಚಿ’ ಎಂಬ ಅರ್ಥದ ತಲೆಬರಹ.

ಮಂಗಳೂರಿನಿಂದ, ಅಂಧೇರಿಯಿಂದ ಫೋನುಗಳು ಬಂದವು. ‘ಯಾರು ಹೋದದ್ದು? ನಮಗೆ ಹೇಳ್ಲೇ ಇಲ್ಲ’ ಎಂದು ಒಬ್ಬರು ಬೇಸರ ಮಾಡಿಕೊಂಡರು. ಜಯಲತಾ ಅತ್ತೆ ಪತ್ರಿಕೆಯನ್ನು ದೂರ ಹಿಡಿದು ಕನ್ನಡಕದ ಮೇಲಿನಿಂದ ಗಂಡನ ಚಿತ್ರ ನೋಡಿದರು. ‘ಇವರು ಯಾರ ತಿಥಿ ಮಾಡ್ತಿದ್ದಾರೆ? ನಾನು ಇನ್ನೂ ಇದ್ದೇನಲ್ಲ’ ಎಂದರು. ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ. ಆ ವಾರ ಅವರಿಗೆ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

ಅವರು ಚೆನ್ನಾಗಿದ್ದಾರೆ. ಅದನ್ನು ನಿನಗೆ ಹೇಳಬೇಕಾಗಿ ಬರುತ್ತಿದೆ, ಯಾಕೆಂದರೆ ನೀನು ಕೇಳಿರಲಿಲ್ಲ. ಆಗ ನಾನು ಫೋನ್ ಮಾಡಿದರೆ, ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಎಂದೆ ನೀನು. ನೋಡುವವರಿಗಾಗಿಯೇ ಅಲ್ಲವೇ ನೀವು ಮ್ಯಾಗಜಿನ್ ಮಾಡುವುದು? ಚಿತ್ರದೊಳಗೆ ಇರುವವರು ಚಿತ್ರ ನೋಡುವವರಲ್ಲ ಎಂಬ ನಿಮ್ಮ ನಂಬಿಕೆಯ ಮೇಲೆ ಇಡೀ ಅಂಗಡಿ ನಿಂತಿದೆ.

ನಾನು ಅಳತೆ ಮೀರುತ್ತಿದ್ದೇನೆಯೇ ಎಂದು ಎರಡು ದಿನ ಯೋಚಿಸಿದೆ. ನಾನು ದಿನಾ ಪೂಜೆ ಮಾಡುವವಳಲ್ಲ. ಜನಿವಾರ ಯಾವ ಹೆಗಲ ಮೇಲಿದ್ದರೂ ನನ್ನ ಅನ್ನ ಬೇಯುತ್ತದೆ. ಮತ್ತೆ ಯಾಕಿಷ್ಟು ಸಿಟ್ಟು? ಆ ಮನುಷ್ಯ ನಾವು ಹೇಳಿದ್ದನ್ನೆಲ್ಲ ಕೇಳಿದರು, ಅಂಗಿ ತೆಗೆದರು, ಕೂರಬಾರದ ಕುರ್ಚಿಯಲ್ಲಿ ಕೂತರು, ತನಗೆಂದು ಒಂದನ್ನು ಮಾತ್ರ ಕೇಳಿದರು. ಅದನ್ನೂ ಮಾತಿಗಿಂತ ಹೆಚ್ಚಾಗಿ ಕೈಯಲ್ಲೇ ಕೇಳಿದರು. ನಮಗೆ ಅದೊಂದನ್ನು ಕೊಡಲಾಗಲಿಲ್ಲ. ನನ್ನ ಸಿಟ್ಟಿಗೆ ಇಷ್ಟು ಸಾಕೆಂದುಕೊಳ್ಳುತ್ತೇನೆ.

ಕಳೆದ ಮಂಗಳವಾರ ನಿನ್ನ ಕಾಗದಪತ್ರ ಹಿಡಿದು ಹೋಟೆಲಿಗೆ ಹೋದೆ. ಆ ಸಂಚಿಕೆಯ ನಂತರ ಹಬ್ಬಹುಣ್ಣಿಮೆಗೆ ಮಾವನ ಮನೆಗೆ ಹೋಗುತ್ತಿದ್ದೆನೇ ಹೊರತು ಹೋಟೆಲಿಗೆ ಕಾಲಿಟ್ಟಿರಲಿಲ್ಲ. ಮೇಜುಗಳು ಹೊಸವು, ಗಲ್ಲಾದ ಮೇಲೆ ಸ್ಕ್ಯಾನ್ ಮಾಡುವ ಫಲಕ, ಅದರ ಹಿಂದೆ ಅದೇ ಮಾವ, ಅದೇ ಪದಬಂಧ. ಎಪ್ಪತ್ತೊಂದಾಯಿತು ಅವರಿಗೆ. ‘ಬಂದ್ಯಾ? ಕೈ ತೊಳ್ಕೊ, ಬನ್ಸ್ ಬಿಸಿ ಇದೆ’ ಎಂದರು, ನಿನ್ನೆ ತಾನೇ ಬಂದು ಹೋದವಳಿಗೆ ಹೇಳುವಂತೆ.

ಕೈ ತೊಳೆಯಲು ಬೇಸಿನ್ನಿಗೆ ಬಗ್ಗಿದೆ. ತಲೆಯೆತ್ತಿದರೆ ಎದುರಿನ ಕನ್ನಡಿಯಲ್ಲಿ, ನನ್ನ ಹೆಗಲ ಹಿಂದೆ, ಮಾವ ಊಟಕ್ಕೆ ಕೂತಿದ್ದರು.

ಎಲೆಯ ತುದಿ ಎಡಕ್ಕೆ. ಜನಿವಾರ ಎಡ ಹೆಗಲಿನಿಂದ. ಬಲಗೈಯಲ್ಲಿ ನೀರು. ನಿಮ್ಮ ಮ್ಯಾಗಜಿನ್ನಿನ ದೊಡ್ಡ ಹೆಸರು ಮಾತ್ರ ಹಿಂದುಮುಂದಾಗಿ, ಯಾವ ಭಾಷೆಯೋ ಎಂಬಂತೆ ಕಾಣುತ್ತಿತ್ತು. ತಿರುಗಿದೆ. ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ನಿಮ್ಮ ಮುಖಪುಟ. ನಾನು ಅದನ್ನು ಮಾವ ಎಂದೋ ರದ್ದಿಗೆ ಹಾಕಿರಬೇಕೆಂದು ತಿಳಿದಿದ್ದೆ.

ಚಂದ್ರಾಮ ಬನ್ಸ್ ಹಿಡಿದುಕೊಂಡು ಬಂದ. ‘ಹಂಗ ತಿರುಗಿ ನೋಡಬ್ಯಾಡ್ರಿ ಅಕ್ಕಾರ, ಕನ್ನಡ್ಯಾಗ ನೋಡ್ರಿ. ಮಾಲಕರು ನನ್ನ ಬೇಸಿನ್ ಮುಂದ ನಿಂದರಿಸಿ, ಅಳತಿ ಹಿಡದು ಮೊಳಿ ಹೊಡಿಸ್ಯಾರ. ಥರ್ಮಾಕೋಲ್ ಹಿಡದ ಕೈ ಅಲ್ಲೇನ್ರಿ ಇದು, ಗೋಡಿನೂ ಹಿಡಿತೈತಿ’ ಎಂದ. ಯಾರಾದರೂ ಕೈ ತೊಳೆದು ತಿರುಗಿ ನಿಂತರೆ, ‘ಮುಂದ ನಡೀರಿ, ಹಿಂದ ಲೈನ್ ಐತಿ’ ಎಂದು ಅವನು ದಬ್ಬುತ್ತಾನಂತೆ. ಆರು ವರ್ಷ ನೀವು ಪ್ರಶಸ್ತಿ ಹಂಚಿಕೊಂಡಿರಿ, ಮಯೂರ್ ಭಾಷಣ ಮಾಡಿದ. ಆ ಚಿತ್ರವನ್ನು ಸರಿಯಾಗಿ ತೋರಿಸಿದವರು ಒಬ್ಬ ಹೋಟೆಲಿನವರು ಮತ್ತು ಅವರ ದೋಸೆಯವನು, ಒಂದು ಮೊಳೆಯಿಂದ.

ಮಾವನಿಗೆ ಎಲ್ಲ ವಿವರಿಸಿದೆ. ಎಂಟು ಅಡಿ ಎಂದಾಗ, ‘ಅಷ್ಟು ದೊಡ್ಡ ಕನ್ನಡಿ ಅವರ ಹತ್ರ ಇದ್ಯಾ?’ ಎಂದು ಕೇಳಿದರು. ಚಿತ್ರ ತಿರುಗಿಸಿದ್ದು ಯಾರೆಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಪದಬಂಧ ನೋಡಿ, ನಿನ್ನ ಒಪ್ಪಿಗೆಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ‘ಸರಿ ಮಾಡಿ ಹಾಕ್ಲಿಕ್ಕೆ ಹೇಳು. ದೀಪ ಹಚ್ಲಿಕ್ಕೆ ಬರ್ತೇನೆ, ಅಂಗಿ ಹಾಕ್ಕೊಂಡು. ಎಲೆ, ಪಂಚೆ ಎಲ್ಲ ಇನ್ನು ಬೇಡ. ಆಗ ಒಂದು ಸಲ ಕೂತದ್ದು ಸಾಕು.’

ಸಹಿ ಹಾಕಿದ ಪತ್ರ ನನ್ನ ಚೀಲದಲ್ಲಿದೆ. ನಿನಗೆ ಅದು ಸಿಗಬೇಕಾದರೆ ಚಿತ್ರ ಮೂಲದಲ್ಲಿ ಇದ್ದಂತೆ ಅಚ್ಚಾಗಬೇಕು. ಅಚ್ಚಿಗೆ ಹೋಗುವ ಮೊದಲು ಪ್ರತಿ ನಾನು ನೋಡಬೇಕು. ಮುಖಪುಟ ಇತಿಹಾಸ, ಅದನ್ನು ಮುಟ್ಟುವಂತಿಲ್ಲ ಎಂದು ಬರೆದಿದ್ದೀಯ. ನಿಮ್ಮ ಇತಿಹಾಸಕ್ಕಾಗಿ ಮನುಷ್ಯನನ್ನು ಮುಟ್ಟಿದ್ದಿರಲ್ಲ, ಈಗ ಮನುಷ್ಯನಿಗಾಗಿ ಇತಿಹಾಸವನ್ನು ಮುಟ್ಟು. ಆಗದಿದ್ದರೆ ಎಸ್ಕಲೇಟರ್ ಎದುರು ಮಯೂರ್‌ನ ಭಾವಚಿತ್ರ ಹಾಕು. ಕಾಯುತ್ತಿರುವ ಹಾಗೆ ನಿಲ್ಲಿಸು, ಅದು ಅವನಿಗೆ ಬರುತ್ತದೆ. ‘ಅಂದು ಇಂದು’ ಫೋಟೋಗೆ ಬೇರೆ ಯಾರನ್ನಾದರೂ ಹುಡುಕಿಕೋ. ತಯಾರಿಗೂ.

ಈರವ್ವ ಆಂಟಿಗೆ ನನ್ನ ನಮಸ್ಕಾರ ತಿಳಿಸು. ಅವರು ಈ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ, ಕೆಳಗಿನದನ್ನು ನಿನ್ನ ಕೈಗೆ ಕೊಡಲಿ.

ನಿನ್ನೊಂದಿಗೆ ಒಂದೇ ತಟ್ಟೆಯಲ್ಲಿ ಶಿರಾ ತಿಂದಿದ್ದ
ರಮಿತಾ

ಮರೆತ ಮಾತು: ಆ ದಿನದ ಪಟ್ಟಿಯ ಮೂಲಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹದಿನಾಲ್ಕನೆಯ ಸಾಲು ನೋಡು. ಉಳಿದದ್ದು ಟೈಪ್ ಮಾಡಿದ್ದು, ಅದರ ಪಕ್ಕ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಇದೆ: ‘ಎಲೆಯ ವಿಷಯ ಬಿಡಿ. ಆಮೇಲೆ ಚಿತ್ರವನ್ನೇ ತಿರುಗಿಸಿಕೊಳ್ಳಬಹುದು.’ ಅಕ್ಷರ ನನ್ನದು. ಎಂಟು ಗಂಟೆ ಐದು ನಿಮಿಷವಾಗಿತ್ತು, ಬೆಳಕು ಹೋಗುತ್ತಿತ್ತು, ಮಾವ ಮೂರನೆಯ ಸಲ ಎಲೆ ಸರಿಮಾಡಿದ್ದರು. ಪಟ್ಟಿಯ ನಕಲು ಚಿತ್ರಗಳ ಜೊತೆ ನಿಮ್ಮ ಆಫೀಸಿಗೆ ಹೋಗಿತ್ತು, ಡಿಸೈನರ್ ಓದಿದ್ದು ಈ ಸಾಲನ್ನೇ. ನಿನಗೆ ಫೋನ್ ಮಾಡಿ ಕೂಗಾಡಿದ ದಿನವೂ ಈ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ಬರೆಯುವ ಮೊದಲು ಅದನ್ನು ಮಯೂರ್‌ಗೆ ಬಾಯಲ್ಲಿಯೂ ಹೇಳಿದ್ದೆ. ಮಾವನಿಗೆ ನೋವಾಗದಿರಲೆಂದು ಇಂಗ್ಲಿಷಿನಲ್ಲಿ. ಅವರು ಒಂದು ಮೊಳ ದೂರದಲ್ಲಿ ಕೂತಿದ್ದರು. ಅವರು ದಿನಾ ತುಂಬುವ ಪದಬಂಧ ಯಾವ ಭಾಷೆಯದೆಂದು ನನಗೆ ಆಗ ನೆನಪಾಗಲಿಲ್ಲ.

ಮಂಗಳವಾರ ಅವರು ಕೇಳಿದ್ದು ಹೀಗೆ: ‘ತಿರುಗಿಸಿದ್ದು ಯಾರು ರಮೀ, ಆಫೀಸಿನವರಾ?’ ನಾನು ಹೌದೆಂದೆ. ‘ಹೌದಾ’ ಎಂದು, ಚಂದ್ರಾಮನನ್ನು ಕರೆದು ನನಗೆ ಇನ್ನೊಂದು ಬನ್ಸ್ ಹಾಕಿಸಿದರು. ನಾಳೆ ಭಾನುವಾರ. ಈ ಹಾಳೆಯ ನಕಲು ಹಿಡಿದು ಡೊಂಬಿವಲಿಗೆ ಹೋಗುತ್ತಿದ್ದೇನೆ.